ಬಾಗಿದ ನೆಕ್‌ನ ಸೊಪ್ರಾನೊಗೆ ಕಾಯಬೇಕಾ?

ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ. ಪುರುಸೊತ್ತಲ್ಲಿ ಬರೆಯೋಣ ಅಂತ ಬಿಟ್ಟಿದ್ದೆ. ಇಷ್ಟು ವರ್ಷ ಆಲ್ಟೋ ಸ್ಯಾಕ್ಸೋಫೋನ್‌ನಲ್ಲೇ ಮದುವೆ, ದೇವಸ್ಥಾನ ಎಲ್ಲ ನುಡಿಸಿದವರು ನೀವು. ಈಗ ಸ್ನೇಹಿತರ ಹತ್ತಿರ ನೇರ ಸೊಪ್ರಾನೊ (ಆಲ್ಟೋಗಿಂತ ಗಿಡ್ಡ, ಮೇಲಿನ ಶ್ರುತಿಯ ಸ್ಯಾಕ್ಸೋಫೋನ್) ತಂದು ಎರಡು ತಿಂಗಳು ನುಡಿಸಿ ನೋಡಿದ್ದೀರಿ. ಕುತ್ತಿಗೆ ನೋವು, ಮೇಲಿನ ಸ್ವರ ಕಿರುಚುತ್ತದೆ. ನೆಕ್, ಅಂದರೆ ಬಾಯಿಗಿಡುವ ಮೌತ್‌ಪೀಸ್ ಕೂರುವ ಮೇಲಿನ ತುದಿಯ ಕೊಳವೆ, ಬಾಗಿರುವ ಹೊಸ ಮಾಡೆಲ್ ಬರುತ್ತಿದೆ, ಅದರಲ್ಲಿ ಸ್ವರ ಮೆತ್ತಗಿರುತ್ತದಂತೆ, ಕಾಯಲಾ ಅಂತ ಕೇಳಿದ್ದೀರಿ.

ಕಾಯಿರಿ ಅಂತಲೇ ನಾನು ಹೇಳುತ್ತೇನೆ. ಆದರೆ ಸ್ವರ ಮೆತ್ತಗಾಗುತ್ತದೆ ಅನ್ನುವ ಆಸೆಯಿಂದ ಕಾಯಬೇಡಿ. ಒಳಗಿನ ಕೊಳವೆಯ ಅಳತೆ ಒಂದೇ ಆಗಿದ್ದರೆ, ತುದಿ ಸ್ವಲ್ಪ ಬಾಗಿದ್ದಕ್ಕೆ ಸ್ವರದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ನನ್ನ ಹತ್ತಿರ ಇರುವ ಸೊಪ್ರಾನೊಗೆ ಎರಡು ನೆಕ್ ಇದೆ, ಒಂದು ನೇರ, ಒಂದು ಬಾಗಿದ್ದು. ಮನೆಯವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಎರಡರಲ್ಲೂ ಒಂದೇ ಆಲಾಪನೆ ನುಡಿಸಿದೆ. ಯಾವುದು ಯಾವುದು ಅಂತ ಅವರಿಗೆ ಗೊತ್ತಾಗಲಿಲ್ಲ. ನನಗೆ ಮಾತ್ರ ಬೇರೆ ಅನಿಸಿತು, ಯಾಕೆಂದರೆ ಹಿಡಿಯುವ ಓರೆ ಬದಲಾದಾಗ ವಾದ್ಯ ನಮ್ಮ ಕಿವಿಯಿಂದ ಇರುವ ದೂರವೂ ಬದಲಾಗುತ್ತದೆ.

ನಿಜವಾಗಿ ಬದಲಾಗುವುದು ನಿಮ್ಮ ತುಟಿ ಮತ್ತು ದವಡೆ. ಆಲ್ಟೋದಲ್ಲಿ ಮೌತ್‌ಪೀಸ್ ಬಾಯಿಗೆ ಹೆಚ್ಚುಕಮ್ಮಿ ಅಡ್ಡಕ್ಕೆ ಬರುತ್ತದೆ. ನಿಮ್ಮ ದವಡೆಗೆ ಆ ಅಭ್ಯಾಸ ಕೂತುಬಿಟ್ಟಿದೆ. ನೇರ ಸೊಪ್ರಾನೊವನ್ನು ನೀವು ಕ್ಲಾರಿನೆಟ್ ಹಿಡಿದ ಹಾಗೆ ಕೆಳಕ್ಕೆ ಹಿಡಿಯುತ್ತೀರಿ, ಆಗ ಮೌತ್‌ಪೀಸ್ ಕೆಳಗಿನಿಂದ ಮೇಲಕ್ಕೆ ಒಳಗೆ ಬರುತ್ತದೆ. ಅದಕ್ಕೆ ಸರಿಯಾಗಿ ತಲೆ ತಗ್ಗಿಸುತ್ತೀರಿ, ದವಡೆ ಬಿಗಿಯಾಗುತ್ತದೆ, ರೀಡ್ (ಮೌತ್‌ಪೀಸಿಗೆ ಕಟ್ಟಿದ, ನಡುಗಿ ಸ್ವರ ಹುಟ್ಟಿಸುವ ತೆಳು ಪಟ್ಟಿ) ಅದುಮಿ ಹೋಗುತ್ತದೆ. ಕಿರುಚುವುದು ಅಲ್ಲಿಂದ. ಕುತ್ತಿಗೆ ನೋವೂ ಅಲ್ಲಿಂದಲೇ.

ಕರ್ನಾಟಕ ಸಂಗೀತ ನುಡಿಸುವ ನಮಗೆ ಇದರ ತೊಂದರೆ ಇನ್ನೂ ಜಾಸ್ತಿ. ಗಮಕ ಬರೀ ಬೆರಳಲ್ಲಿ ಬರುವುದಿಲ್ಲ, ಅರ್ಧ ತುಟಿಯಲ್ಲೇ ಇದೆ. ಕದ್ರಿ ಗೋಪಾಲನಾಥರು ಆಲ್ಟೋದಲ್ಲಿ ಆ ಜಾರು, ಆ ತೂಗುವಿಕೆ ತೋರಿಸಿಕೊಟ್ಟರು. ಅವರ ವಿಡಿಯೋ ನೋಡುವಾಗ ಬೆರಳು ಬಿಟ್ಟು ಗಲ್ಲ ನೋಡಿ, ಎಷ್ಟು ಸಡಿಲ ಇದೆ ಅಂತ. ದವಡೆ ಬಿಗಿದುಕೊಂಡು ತೋಡಿಯ ಗಾಂಧಾರ ತೂಗಿಸಲು ಆಗುತ್ತದಾ? ಆಗುವುದಿಲ್ಲ. ಬಾಗಿದ ನೆಕ್ ಮೇಲೆ ನನಗೆ ಇಷ್ಟು ಪ್ರೀತಿ ಬರಲು ಇದೇ ಕಾರಣ. ತಲೆ ನೇರ ಇಟ್ಟುಕೊಂಡು, ಆಲ್ಟೋದ ಬಾಯಲ್ಲೇ ಸೊಪ್ರಾನೊ ನುಡಿಸಬಹುದು.

ಹೊಸದು ಬರುವ ಮೊದಲು ಒಂದು ಪರೀಕ್ಷೆ ಮಾಡಿ. ಕೈಯಲ್ಲಿರುವ ನೇರ ಸೊಪ್ರಾನೊವನ್ನು ಕನ್ನಡಿ ಎದುರು ನಿಂತು ನಾಗಸ್ವರದವರ ಹಾಗೆ ಮುಂದಕ್ಕೆ ಎತ್ತಿ ಹಿಡಿಯಿರಿ. ಗಲ್ಲ ತಗ್ಗಬಾರದು. ಐದು ನಿಮಿಷ ಮೇಲಿನ ಷಡ್ಜ ಹಿಡಿಯಿರಿ. ಸ್ವರ ತೆರೆದುಕೊಂಡರೆ ನಿಮ್ಮ ತೊಂದರೆ ಓರೆಯದ್ದೇ, ಬಾಗಿದ ನೆಕ್ ಖಂಡಿತ ಅನುಕೂಲ. ಆಗಲೂ ಕಿರುಚಿದರೆ ರೀಡ್, ಮೌತ್‌ಪೀಸ್ ನೋಡಿ, ಇಲ್ಲವೇ ಎಲ್ಲೋ ತೂತು ಮುಚ್ಚುವ ಪ್ಯಾಡ್ ಸೋರುತ್ತಿರುತ್ತದೆ. ಅದಕ್ಕೆ ಹೊಸ ವಾದ್ಯ ತಗೊಳ್ಳುವುದು ಸುಮ್ನೆ ಖರ್ಚು.

ಬಾಗಿದ ನೆಕ್ ಅನ್ನುವುದು ಹೊಸ ಯೋಚನೆ ಏನಲ್ಲ. ಅಡಾಲ್ಫ್ ಸ್ಯಾಕ್ಸ್ ತಾನು ಕಂಡುಹಿಡಿದ ಸ್ಯಾಕ್ಸೋಫೋನ್‌ಗೆ ಪೇಟೆಂಟ್ ಪಡೆದದ್ದು 1846ರಲ್ಲಿ. 1920ರ ದಶಕದಲ್ಲೇ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕಿಂಗ್ ಕಂಪನಿಯವರು ಸ್ಯಾಕ್ಸೆಲ್ಲೊ ಅಂತ ಮಾಡಿದ್ದರು, ನೆಕ್ ಬಾಗಿದ್ದು, ಬೆಲ್ (ಕೆಳತುದಿಯ ಅಗಲ ಬಾಯಿ) ಮುಂದಕ್ಕೆ ತಿರುಗಿದ್ದು. ಮರಿ ಆಲ್ಟೋ ಥರ ಪೂರ್ತಿ ಸುತ್ತಿದ ಸೊಪ್ರಾನೊವೂ ಆಗಲೇ ಇತ್ತು. ಈಗ ಸೆಲ್ಮರ್ ಕಂಪನಿಯ ಸೀರೀಸ್ 3 ಸೊಪ್ರಾನೊಗೆ ನೇರ, ಬಾಗಿದ ಎರಡೂ ನೆಕ್ ಬರುತ್ತದೆ. ಯಮಾಹಾದ 82ಝಡ್‌ಆರ್‌ನಲ್ಲಿ ಬಾಗು ಮೈಗೇ ಸೇರಿಕೊಂಡಿದೆ, ಬಿಚ್ಚಲು ಬರುವುದಿಲ್ಲ. ಹಾಗಾಗಿ ಹೊಸ ಮಾಡೆಲ್ ಬಗ್ಗೆ ಮೊದಲು ಕೇಳಬೇಕಾದದ್ದು ಇದು: ನೆಕ್ ಬಿಚ್ಚುವುದಾ, ಒಂದೇ ತುಂಡಾ?

ಬಿಚ್ಚುವುದಾದರೆ ಒಳಗಿನ ನೀರು ಒರೆಸುವುದು ಸುಲಭ, ಬೇಕಾದಾಗ ಬದಲಿಸಬಹುದು. ಆದರೆ ಆ ಜಾಯಿಂಟ್ ಕೊಳವೆಯ ತೀರಾ ಸಣ್ಣ ಭಾಗದಲ್ಲಿದೆ. ಅಲ್ಲಿ ಕೂದಲೆಳೆಯಷ್ಟು ಸೋರಿದರೂ ಕೆಳಗಿನ ಸ್ವರ ಏಳುವುದಿಲ್ಲ. ನೆಕ್ ಹಾಕಿ, ಸ್ಕ್ರೂ ಬಿಗಿಯದೆ ತಿರುಗಿಸಿ ನೋಡಿ. ತುಸು ಹಿಡಿದುಕೊಂಡು ತಿರುಗಬೇಕು, ಗಡಗಡ ಅಲ್ಲಾಡಬಾರದು. ಸಡಿಲ ಇದ್ದರೆ ಸ್ಕ್ರೂವನ್ನು ಒತ್ತಿ ಒತ್ತಿ ಬಿಗಿಯಬೇಡಿ, ರಿಪೇರಿಯವರ ಹತ್ತಿರ ಕೊಟ್ಟು ಅಳತೆಗೆ ಹಿಗ್ಗಿಸಿಕೊಳ್ಳಿ.

ಒಂದೇ ತುಂಡಾದರೆ ಸೋರುವ ಚಿಂತೆ ಇಲ್ಲ, ಚಿಂತೆ ಒರೆಸುವ ಬಟ್ಟೆಯದ್ದು. ಒಬ್ಬರ ಹತ್ತಿರ ಅಂಥದ್ದು ಎರವಲು ತಂದಿದ್ದೆ. ಮುಹೂರ್ತಕ್ಕೆ ಒಂದು ಗಂಟೆ ಇರುವಾಗ ಆಲ್ಟೋದ ದಪ್ಪ ಬಟ್ಟೆಯನ್ನೇ ಬೆಲ್ ಕಡೆಯಿಂದ ಇಳಿಬಿಟ್ಟು ಎಳೆದೆ. ಬಾಗಿನ ಹತ್ತಿರ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿ. ಕೊನೆಗೆ ತೆಳ್ಳನೆ ಕಬ್ಬಿಣದ ತಂತಿಯ ತುದಿ ಕೊಕ್ಕೆ ಮಾಡಿ, ಮೇಲೆ ಗೀಚದ ಹಾಗೆ ದಾರ ಸುತ್ತಿ, ಬೆಲ್ ಕಡೆಗೇ ವಾಪಸು ಎಳೆದು ತೆಗೆದೆವು. ಕೈ ನಡುಗುತ್ತಿತ್ತು. ಸೊಪ್ರಾನೊಗೆ ಅಂತಲೇ ಬರುವ ತೆಳು ಬಟ್ಟೆ ಇಟ್ಟುಕೊಳ್ಳಿ, ನೀರು ನಿಲ್ಲುವುದು ಬಾಗಿನಲ್ಲೇ.

ಇನ್ನು ಕೂತು ನುಡಿಸುವ ವಿಷಯ. ಕಂಪನಿಯವರು ನಿಂತೋ ಕುರ್ಚಿಯಲ್ಲಿ ಕೂತೋ ನುಡಿಸಿ ನೋಡಿರುತ್ತಾರೆ. ನಾವು ಚಕ್ಕಳಮಕ್ಕಳ ಹಾಕಿ ಕೂರುವವರು. ನೆಕ್ ಬಾಗಿದಷ್ಟೂ ಬೆಲ್ ಮಡಿಲ ಕಡೆಗೆ ಇಳಿಯುತ್ತದೆ. ತೀರಾ ಕೆಳಗಿನ ಸ್ವರಕ್ಕೆ ಪಂಚೆ ಅಡ್ಡ ಬಂದರೆ ಸ್ವರ ಉಸಿರುಗಟ್ಟಿದ ಹಾಗಾಗುತ್ತದೆ. ಅಂಗಡಿಯಲ್ಲಿ ನಾಚಿಕೆ ಬಿಟ್ಟು ನೆಲದಲ್ಲಿ ಕೂತು ನುಡಿಸಿ ನೋಡಿ. ಮೈಕನ್ನೂ ಬೆಲ್‌ಗೆ ಇಡಿಸಬೇಡಿ. ಹೆಚ್ಚಿನ ಸ್ವರ ಹೊರಬರುವುದು ತೆರೆದ ತೂತುಗಳಿಂದ, ಬೆಲ್‌ನಿಂದ ಬರುವುದು ಕೆಳಗಿನ ಒಂದೆರಡು ಸ್ವರ ಮಾತ್ರ. ಒಂದು ಅಡಿ ದೂರದಿಂದ ಮೈಯ ನಡುವಿಗೆ ತಿರುಗಿಸಿಟ್ಟರೆ ಸಾಕು.

ಶ್ರುತಿ ಮರೆಯಬೇಡಿ. ಆಲ್ಟೋದಲ್ಲಿ ಜಿ ಸ್ವರದ ಬೆರಳನ್ನು ಷಡ್ಜ ಮಾಡಿದರೆ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಐದು ಬರುತ್ತದೆ. ಅದೇ ಬೆರಳಿಗೆ ಸೊಪ್ರಾನೊದಲ್ಲಿ ಬಿಳಿ ನಾಲ್ಕು, ಅದೂ ಒಂದು ಪಂಚಮ ಮೇಲೆ. ಕೊಳವೆ ಗಿಡ್ಡ ಆದ್ದರಿಂದ ಮೌತ್‌ಪೀಸ್ ಒಂದು ಮಿಲಿಮೀಟರ್ ಸರಿದರೂ ಶ್ರುತಿ ಆಲ್ಟೋಗಿಂತ ಜಾಸ್ತಿ ಏರುಪೇರಾಗುತ್ತದೆ. ಪರೀಕ್ಷೆಗೆ ಹೋಗುವಾಗ ನಿಮ್ಮದೇ ಮೌತ್‌ಪೀಸ್, ಹಳಗಿದ ರೀಡ್, ಶ್ರುತಿ ಪೆಟ್ಟಿಗೆ ಮೂರೂ ಇರಲಿ. ತಾರಸ್ಥಾಯಿಯ ಷಡ್ಜ, ಪಂಚಮ ತುಟಿ ಒತ್ತದೆ ಕೂರಬೇಕು. ಅದು ಕೂರದಿದ್ದರೆ ನೆಕ್ ಎಷ್ಟೇ ಚಂದ ಬಾಗಿರಲಿ, ಬಿಟ್ಟು ಬನ್ನಿ.

ಮುಂಗಡ ಕೊಟ್ಟು ಬುಕ್ ಮಾಡುವ ಆಸೆ ಇದ್ದರೆ, ನುಡಿಸಿ ನೋಡಿ ಹಿಡಿಸದಿದ್ದರೆ ಹಣ ವಾಪಸು ಅಂತ ಬರೆಸಿಕೊಳ್ಳಿ. ಅದಕ್ಕಿಂತ ಮೊದಲು ಒಂದು ಭಾನುವಾರ ನಮ್ಮಲ್ಲಿಗೆ ಬನ್ನಿ. ಎರಡೂ ನೆಕ್ ಹಾಕಿ ಒಂದು ಗಂಟೆ ನುಡಿಸಿ. ಚಾಪೆ ಹಾಸಿ ಇಟ್ಟಿರುತ್ತೇನೆ.