ಹೊಳೆ ದಂಡೆಯ ನಾಲ್ಕು ಎಕರೆ: ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದ ತಮ್ಮನಿಗೆ

ತಮ್ಮಾ, ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಹೊಂದಿದ ನಾಲ್ಕು ಎಕರೆ ಗದ್ದೆಯನ್ನು ಗುತ್ತಿಗೆಗೆ ಹಿಡಿಯಬೇಕೆಂದಿದ್ದೀಯ. ನೆರೆಯ ಭಯ ಎಷ್ಟು, ತುಂಗಭದ್ರಾ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು ಎಂಬ ಲೆಕ್ಕ) ಬಿಟ್ಟರೆ ಅಪಾಯ ಎಂದು ಕೇಳಿದ್ದೀಯ. ನಾನು ಅದೇ ತಾಲ್ಲೂಕಿನವನು, ಹೊಳೆಯಿಂದ ಎರಡು ಹೊಲ ಈಚೆಗೆ ಭತ್ತ ಬೆಳೆಯುತ್ತೇನೆ. ನಿನ್ನ ತಂದೆಯ ವಯಸ್ಸಿನವನಾದ್ದರಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರವಾಗಿ ಒಬ್ಬರು, ಒಂದೂವರೆ ಲಕ್ಷ ಕ್ಯೂಸೆಕ್ ದಾಟಿದರೆ ಮಾತ್ರ ಚಿಂತೆ ಮಾಡು ಎಂದು ಬರೆದಿದ್ದಾರೆ. ಆ ಒಂದು ಅಂಕಿಯನ್ನು ನಂಬಿ ಗದ್ದೆ ಹಿಡಿಯಬೇಡ. ಒಂದೊಂದು ಊರಿನ ದಂಡೆ ಒಂದೊಂದು ಎತ್ತರ, ಹೊಳೆಯ ತಿರುವೂ ಬೇರೆ ಬೇರೆ. ನೀರು ಎಷ್ಟು ಏರಿತೆಂದು ತಿಳಿಯಲು ಹಂಪಿಯವರು ಹೊಳೆಯಂಚಿನ ಪುರಂದರ ಮಂಟಪ ನೋಡುತ್ತಾರೆ, ಆನೆಗೊಂದಿಯವರು ನವಬೃಂದಾವನದ ನಡುಗಡ್ಡೆ ನೋಡುತ್ತಾರೆ, ಕಂಪ್ಲಿಯವರಿಗೆ ಗಂಗಾವತಿ ದಾರಿಯ ಸೇತುವೆಯೇ ಅಳತೆಗೋಲು. ನಿನ್ನ ಹೊಲಕ್ಕೂ ಅಂಥದೊಂದು ಗುರುತು ಬೇಕು. ದಂಡೆಯಲ್ಲಿ ಕದಲದ ಬಂಡೆಯೋ ಹಳೆಯ ಮರವೋ ಇದ್ದರೆ ಅದರ ಮೇಲೆ ಅಡಿ ಅಡಿಗೆ ಬಣ್ಣದ ಗೆರೆ ಎಳೆ. ಹೊಳೆಗೆ ನೀರು ಬಿಟ್ಟಾಗಲೆಲ್ಲ ಎಷ್ಟು ಬಿಟ್ಟರು, ಯಾವ ಹೊತ್ತಿಗೆ ಬಿಟ್ಟರು, ನಿನ್ನ ಗೆರೆಗೆ ಯಾವ ಹೊತ್ತಿಗೆ ಮುಟ್ಟಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಎರಡು ಮಳೆಗಾಲ ಬರೆದರೆ ಸಾಕು, ನಿನ್ನ ಹೊಲದ ಮಟ್ಟಿಗೆ ಟಿ.ವಿ. ಸುದ್ದಿಗಿಂತ ನಿನ್ನ ನೋಟ್‌ಬುಕ್ಕೇ ಹೆಚ್ಚು ಹೇಳುತ್ತದೆ.

ಆ ಎರಡು ಮಳೆಗಾಲ ಬರುವವರೆಗೆ ಹಿರಿಯರನ್ನು ಕೇಳು. ಮೀನು ಹಿಡಿಯುವವರು, ಹರಿಗೋಲು ಹಾಕುವವರು, ದಂಡೆಯಲ್ಲಿ ಕುರಿ ಮೇಯಿಸುವವರು ಹೆಚ್ಚು ಬಲ್ಲರು. "ನೆರೆ ಬರುತ್ತದೆಯೇ?" ಎಂದು ಕೇಳಿದರೆ ಎಲ್ಲರೂ "ಬರುತ್ತದೆ" ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. 2009ರಲ್ಲಿ ನೀರು ಎಲ್ಲಿ ನಿಂತಿತ್ತು, 2019ರಲ್ಲಿ ಎಲ್ಲಿ ನಿಂತಿತ್ತು, ಜಾಗ ತೋರಿಸಿ ಎಂದು ಕೇಳು.

ಆ ಎರಡು ನೆರೆಗಳು ಒಂದೇ ಬಗೆಯವಲ್ಲ. 2019ರ ಆಗಸ್ಟ್‌ನಲ್ಲಿ ಮಲೆನಾಡಿನಲ್ಲಿ ಮಳೆ ಸುರಿದು, ಅಣೆಕಟ್ಟು ತುಂಬಿ, ಗೇಟು ತೆರೆದರು. ಹಂಪಿಯ ಎದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಕರೆದೊಯ್ದರು. ಅಲ್ಲಿ ಮುನ್ಸೂಚನೆಗೆ ಸಮಯವಿತ್ತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಎರಡು ದಿನ ಹಾಗಲ್ಲ. ನಮ್ಮ ಬಯಲಿನ ಮೇಲೆಯೇ ಆಕಾಶ ಕಳಚಿ ಬಿದ್ದಂತೆ ಸುರಿಯಿತು. ಹಳ್ಳಗಳೆಲ್ಲ ಹೊಳೆಯಾಗಿ ಬಂದವು. ಕೆಳಗೆ ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ನಾನು ಅಣೆಕಟ್ಟಿನ ಕಡೆ ಕಿವಿಯಿಟ್ಟು ಕುಳಿತಿದ್ದೆ. ನೀರು ಬೆನ್ನ ಹಿಂದಿನ ಹಳ್ಳದಿಂದ ಬಂತು. ತೆನೆ ಹೊರಟಿದ್ದ ಗದ್ದೆಯ ಮೇಲೆ ಮೊಣಕಾಲುದ್ದ ಮರಳು ಕೂತಿತ್ತು. ಅದನ್ನು ಎತ್ತಿ ಗದ್ದೆ ಮಾಡಲು ಎರಡು ವರ್ಷ ಹಿಡಿಯಿತು. ಆದ್ದರಿಂದ ಗದ್ದೆ ನೋಡಲು ಹೋದಾಗ ಹೊಳೆಯ ಕಡೆಗಷ್ಟೇ ಅಲ್ಲದೆ ಹಿಂದಿನ ಹಳ್ಳದ ಕಡೆಗೂ ನಡೆದು ಬಾ.

ಗದ್ದೆ ಹಗರಿ ಸೇರುವ ಭಾಗದಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಹಗರಿ ಎಂದರೆ ವೇದಾವತಿ, ವರ್ಷದ ಬಹುಪಾಲು ಮರಳೇ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ಬಳಿ ಅದೇ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಒಣಗಿದ ನದಿ ಎಂದು ಅದರ ಪಾತ್ರದಲ್ಲೇ ಬಿತ್ತುವವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ಅಣೆಕಟ್ಟು. ಕಟ್ಟಿದಾಗ 133 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದುದು ಹೂಳು ತುಂಬಿ ಈಗ 105 ಚಿಲ್ಲರೆಗೆ ಇಳಿದಿದೆ. ಹಾಗಾಗಿ ಒಳ್ಳೆಯ ಮಳೆಯ ವರ್ಷ ಬೇಗ ತುಂಬುತ್ತದೆ. ತುಂಬಿದ ಮೇಲೆ ಮಲೆನಾಡಿನಲ್ಲಿ ಬಿದ್ದ ಮಳೆ ನೇರವಾಗಿ ನಮ್ಮ ದಂಡೆಗೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾವು ನಿದ್ದೆ ಮಾಡಲಿಲ್ಲ. ಮೊದಲು ನೆರೆಯ ಭಯ, ಬೆಳಗಾದ ಮೇಲೆ ನೀರು ಖಾಲಿಯಾಗುವ ಭಯ. ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ ಆ ಕೆಲಸಗಾರರಿಗೆ ನಮ್ಮ ಸೀಮೆಯ ಒಂದೊಂದು ಮನೆಯೂ ಋಣಿ. ಮರುವರ್ಷ ಗೇಟುಗಳ ಸುರಕ್ಷತೆಗೆಂದು ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಿದರು, ಎರಡನೇ ಬೆಳೆಗೆ ನೀರಿಲ್ಲವೆಂದರು. ಗುತ್ತಿಗೆ ಲೆಕ್ಕ ಹಾಕುವಾಗ ಎರಡು ಬೆಳೆ ಖಂಡಿತ ಎಂದುಕೊಳ್ಳಬೇಡ.

ಪಂಪ್‌ಸೆಟ್ ವಿಷಯ. ದಂಡೆಯಲ್ಲಿ ಸಿಮೆಂಟ್ ಕಟ್ಟೆ ಕಟ್ಟಿ ಮೋಟಾರನ್ನು ಬಿಗಿಯಬೇಡ. ಇಬ್ಬರು ಎಳೆದು ಮೇಲೆ ತರುವಂತೆ ಗಾಲಿ ಇರುವ ಚೌಕಟ್ಟಿನ ಮೇಲೆ ಕೂರಿಸು. ಸ್ಟಾರ್ಟರ್ ಪೆಟ್ಟಿಗೆ 2009ರ ನೀರಿನ ಗುರುತಿಗಿಂತ ಮೇಲಿರಲಿ. ನೀರು ಏರಲು ಶುರುವಾದ ಮೇಲೆ, ಅದರಲ್ಲೂ ಕತ್ತಲಾದ ಮೇಲೆ, ಮೋಟಾರು ತರಲು ಇಳಿಯಬೇಡ. ತಂತಿಯಲ್ಲಿ ಕರೆಂಟ್ ಇರುತ್ತದೆ. ನೆರೆಯ ಜೊತೆ ಹಾವು ಬರುತ್ತವೆ, ಮೊಸಳೆಯೂ ಗದ್ದೆಗೆ ಬಂದದ್ದುಂಟು. ಮೋಟಾರು ಹೋದರೆ ಸಾಲ ಮಾಡಿಯಾದರೂ ಇನ್ನೊಂದು ತರಬಹುದು, ನಿನ್ನನ್ನು ಎಲ್ಲಿಂದ ತರುವುದು? ತೊಂದರೆಯಾದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077.

ಸಿಡಿಲಿಗೆ ಪ್ರತಿ ವರ್ಷ ನಮ್ಮ ಸೀಮೆಯಲ್ಲಿ ಜನ, ಜಾನುವಾರು ಸಾಯುತ್ತಾರೆ. ಗುಡುಗಿದ ಕೂಡಲೇ ಬೇವಿನ ಮರದ ಕೆಳಗೆ ಓಡುವ ಅಭ್ಯಾಸ ಬಿಡು. ಮೊಬೈಲಿನಲ್ಲಿ ಸಿಡಿಲಿನ ಮುನ್ಸೂಚನೆ ಕೊಡುವ "ಸಿಡಿಲು" ಅಥವಾ "ದಾಮಿನಿ" ಆ್ಯಪ್ ಹಾಕಿಕೋ.

ಕೊಯ್ಲಿನ ಹೊತ್ತಿನ ಮಳೆ ನೆರೆಗಿಂತ ಹೆಚ್ಚು ಸಲ ನನ್ನನ್ನು ಅಳಿಸಿದೆ. 2021ರ ನವೆಂಬರ್‌ನಲ್ಲಿ ನೆಲಕ್ಕೊರಗಿದ ಸೋನಾ ಮಸೂರಿ ಬಿದ್ದಲ್ಲೇ ಮೊಳಕೆಯೊಡೆಯಿತು. ಬೆಳೆ ವಿಮೆ ಮಾಡಿಸಿದ್ದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು; ಕೊಯ್ದು ಹರಡಿದ ಬೆಳೆಗೂ 14 ದಿನದವರೆಗೆ ರಕ್ಷಣೆ ಇದೆ. ಭತ್ತದ ಮುಳುಗಡೆಯನ್ನು 2018ರಲ್ಲಿ ವಿಮೆಯ ಸ್ಥಳೀಯ ವಿಕೋಪದ ಪಟ್ಟಿಯಿಂದ ಕೈಬಿಟ್ಟಿದ್ದರು. 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ ಕೇಂದ್ರ ಪ್ರಕಟಿಸಿದೆ. ಕಂತು ಕಟ್ಟುವಾಗ ರೈತ ಸಂಪರ್ಕ ಕೇಂದ್ರದಲ್ಲಿ ಇದನ್ನೇ ಬಿಡಿಸಿ ಕೇಳು.

ಕೊನೆಗೆ, ನೀನು ಕೇಳದೆ ಬಿಟ್ಟ ಒಂದು ಮಾತು. ನೆರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ, ಬೆವರು ಸುರಿಸಿದವನಿಗಲ್ಲ. 2022–26ರ ಕೇಂದ್ರದ ವಿಪತ್ತು ಪರಿಹಾರ ಮಾನದಂಡದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ ಇತ್ತು. ದೊಡ್ಡ ಮೊತ್ತವಲ್ಲ, ಆದರೆ ಅದೂ ನಿನಗೆ ಸಿಗುವುದಿಲ್ಲ. ಹಾಗಾಗಿ ಪರಿಹಾರ ಬಂದರೆ ಯಾರಿಗೆ, ಬೆಳೆ ಮುಳುಗಿದ ವರ್ಷ ಎಕರೆಗೆ ಎಷ್ಟು ಚೀಲ ಕೊಡಬೇಕು ಎಂಬುದನ್ನು ಗುತ್ತಿಗೆ ಪತ್ರದಲ್ಲಿ ಬರೆಸು. ಬಾಯಿಮಾತಿಗೆ ಒಪ್ಪಬೇಡ. ಸಹಿ ಹಾಕುವ ಮುನ್ನ ಒಂದು ದಿನ ಮೊದಲೇ ತಿಳಿಸು, ನಾನೂ ಬಂದು ಆ ದಂಡೆಯನ್ನು ನಿನ್ನ ಜೊತೆ ನಡೆದು ನೋಡುತ್ತೇನೆ.