ಸಾಮ್ರಾಜ್ಯದ ಆಟ: ಸೆಕೆಂಡಿನ ಲೆಕ್ಕವೋ, ಸರದಿಯ ಲೆಕ್ಕವೋ?

ಪ್ರಶ್ನೆ: ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಆಟದಲ್ಲಿ ದ್ರಾವಿಡರನ್ನು ಆರಿಸಿಕೊಂಡು ಆಡುತ್ತೇನೆ. ವೂಟ್ಸ್ ಸ್ಟೀಲ್ ಎಂಬ ವಿದ್ಯೆ ಇರುವ ಪಂಗಡವಾದರೂ 20 ನಿಮಿಷದೊಳಗೆ ಸೋಲುತ್ತೇನೆ. ಸಾಮ್ರಾಜ್ಯ ಕಟ್ಟುವ ಬೇರೆ ಆಟಗಳಾದ ಸಿವಿಲೈಸೇಷನ್ 6 ಅಥವಾ ಯೂರೋಪಾ ಯೂನಿವರ್ಸಾಲಿಸ್ 4 ಸುಲಭವೇ?
– ಓದುಗ, ದಾವಣಗೆರೆ

ಉತ್ತರ: ಸುಲಭವೇನಲ್ಲ, ಅಲ್ಲಿ ಸೋಲು ನಿಧಾನವಾಗಿ ಬರುತ್ತದೆ. ವೂಟ್ಸ್ ಎಂದರೆ ನಮ್ಮ ಉಕ್ಕೇ. ಎದುರಾಳಿಯ ಕವಚವನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಅದು ಆಟದ ಕೊನೆಯ ಹಂತವಾದ ಇಂಪೀರಿಯಲ್ ಯುಗದ ವಿದ್ಯೆ, 20 ನಿಮಿಷಕ್ಕೇ ಸೋಲುವವರ ಕೈಗೆ ಸಿಗುವುದಿಲ್ಲ.

ನಿಮ್ಮ ಆಟ ಕೆಡುವುದು ಬಹುಶಃ ಮೊದಲ ನಿಮಿಷದಲ್ಲೇ. ಶುರುವಿನಲ್ಲಿ 3 ವಿಲೇಜರ್ (ದುಡಿಯುವವರು), ಒಂದು ಸ್ಕೌಟ್ (ಬೇಹುಗಾರ), 200 ಆಹಾರ. ವಿಲೇಜರ್‌ಗಳು ಹುಟ್ಟುವ ಟೌನ್ ಸೆಂಟರ್‌ನಲ್ಲಿ ಜಾಗ 5 ಜನಕ್ಕೆ ಮಾತ್ರ. ಅಂದರೆ ಇನ್ನೊಬ್ಬ ಹುಟ್ಟಿದ ಕೂಡಲೇ ಉತ್ಪಾದನೆ ನಿಂತಿತು. ಆದ್ದರಿಂದ ಇಬ್ಬರಿಂದ ತಕ್ಷಣ ಒಂದೊಂದು ಮನೆ ಕಟ್ಟಿಸಿ (ತಲಾ 25 ಮರ, 5 ಜನರಿಗೆ ಜಾಗ), ಮೂರನೆಯವನನ್ನು ಕುರಿಗೆ ಬಿಡಿ. 200 ಆಹಾರಕ್ಕೆ 4 ವಿಲೇಜರ್‌ಗಳನ್ನು ಸಾಲಿಗೆ ಹಾಕಿ. ಒಬ್ಬನಿಗೆ 25 ಸೆಕೆಂಡು. ಟೌನ್ ಸೆಂಟರ್ ಒಂದು ನಿಮಿಷ ಸುಮ್ಮನಿದ್ದರೆ ಇಬ್ಬರು ದುಡಿಯುವವರು ಹೋದರು. ಮುಂದಿನ ಹಂತವಾದ ಫ್ಯೂಡಲ್ ಯುಗಕ್ಕೆ ಬೇಕಾದ 500 ಆಹಾರ ತಡವಾಗುವುದು ಇದರಿಂದಲೇ.

ಸಿವಿಲೈಸೇಷನ್ 6ರಲ್ಲಿ ಗಡಿಯಾರದ ಕಾಟವಿಲ್ಲ, ಸರದಿ ಪ್ರಕಾರ ಆಟ. ಅಲ್ಲಿ ಕೊರತೆ ಜಾಗದ್ದು. ಹೊಸ ಊರು ಕಟ್ಟುವ ಸೆಟ್ಲರ್ ಹೊರಟರೆ ಊರಿನ ಜನಸಂಖ್ಯೆ 1 ಇಳಿಯುತ್ತದೆ, ಮುಂದಿನ ಸೆಟ್ಲರ್ ಇನ್ನಷ್ಟು ದುಬಾರಿ. ಸಿಹಿನೀರಿನ ಪಕ್ಕದ ಊರಿಗೆ ವಸತಿ (ಜನಸಂಖ್ಯೆ ಬೆಳೆಯಲು ಇರುವ ಮಿತಿ) 5, ಕಡಲ ತೀರದಲ್ಲಿ 3, ನೀರಿಲ್ಲದ ಕಡೆ 2. ಒಣ ನೆಲದಲ್ಲಿ ಊರು ಕಟ್ಟಿ 'ಬೆಳೆಯುವುದೇ ಇಲ್ಲ' ಎಂದು ಗೊಣಗುವವರೇ ಹೆಚ್ಚು.

ಯೂರೋಪಾದಲ್ಲಿ ಆಟವನ್ನು ತಡೆದು ನಿಲ್ಲಿಸಿ (ಪಾಜ್) ಎಷ್ಟು ಹೊತ್ತಾದರೂ ಯೋಚಿಸಬಹುದು. 1444ರ ನವೆಂಬರ್ 11ರಂದು ಆಟ ಆರಂಭ. ವಿಜಯನಗರವನ್ನೇ ಆಡಬಹುದು, ಬಡಗಣಕ್ಕೆ ಬಹಮನಿ. ಯುದ್ಧ ಗೆಲ್ಲುವುದು ದೊಡ್ಡ ಮಾತಲ್ಲ, ಗೆದ್ದ ನೆಲವನ್ನು ಅರಗಿಸಿಕೊಳ್ಳುವುದೇ ಕಷ್ಟ. ಓವರ್‌ಎಕ್ಸ್‌ಟೆನ್ಶನ್ (ಅರಗದ ನೆಲದ ಹೊರೆ) 100 ದಾಟಿತೆಂದರೆ ದಂಗೆಗಳು ಶುರು. ಅಗ್ರೆಸಿವ್ ಎಕ್ಸ್‌ಪ್ಯಾನ್ಶನ್ (ನೆಲ ಕಬಳಿಸಿದ್ದಕ್ಕೆ ನೆರೆಯವರ ಸಿಟ್ಟಿನ ಲೆಕ್ಕ) 50 ಮುಟ್ಟಿದರೆ, ಸಿಟ್ಟಾದ ನೆರೆಯವರು ಕೂಟ ಕಟ್ಟಿ ಮೇಲೆ ಬೀಳುತ್ತಾರೆ. ಸಂಧಿಯ ಪರದೆಯಲ್ಲಿ ಎರಡೂ ಅಂಕಿ ಕಾಣುತ್ತವೆ. ಪ್ರಾಂತ್ಯ ಆರಿಸುವಾಗಲೇ ನೋಡಿಕೊಳ್ಳಿ. ಆಡಳಿತ ಅಂಕ ಖಾಲಿಯಿದ್ದರೆ ಗೆದ್ದದ್ದನ್ನು 'ಕೋರ್' (ನಿಮ್ಮ ಸ್ವಂತ ನೆಲ) ಮಾಡಲಾಗದು.

ಕೈ ನಿಧಾನವಾದರೂ ಲೆಕ್ಕ ಇಷ್ಟ ಎನ್ನುವವರಿಗೆ ಸಿವಿಲೈಸೇಷನ್ 6 ಸರಿ. ಯೂರೋಪಾವನ್ನು ಆಮೇಲೆ ಹಿಡಿಯಿರಿ. ಅದಕ್ಕೂ ಮೊದಲು ಆ ಎರಡು ಮನೆ ಕಟ್ಟಿಸಿ ಇನ್ನೊಂದಾಟ ಆಡಿ ನೋಡಿ.