ಓದುಗರ ಪ್ರಶ್ನೆ: ಪಾತ್ರ ಯಾರ ಸ್ವತ್ತು?

ಪ್ರಶ್ನೆ: ಮಕ್ಕಳ ಕಾಮಿಕ್ಸ್ ಬರೆಯುತ್ತೇನೆ. ‘ಪಾತ್ರದ ಎಲ್ಲ ಹಕ್ಕೂ ನಮ್ಮದು’ ಎಂಬ ಕರಾರಿಗೆ ಪ್ರಕಾಶಕರೊಬ್ಬರು ಸಹಿ ಕೇಳುತ್ತಿದ್ದಾರೆ. ಸ್ಪೇನಿನ ಕಾಮಿಕ್ಸ್ ಕಲಾವಿದ ಇಬಾನ್ಯೆಸ್ ಇಂಥದ್ದರಲ್ಲೇ ಪಾತ್ರಗಳನ್ನು ಕಳೆದುಕೊಂಡರಂತೆ, ನಿಜವೇ? ಸಹಿ ಹಾಕಲೇ?
– ಓದುಗರು, ಗಂಗಾವತಿ

ಉತ್ತರ: ಈಗಿರುವ ಹಾಗೆಯೇ ಸಹಿ ಹಾಕಬೇಡಿ. ನೀವು ಕೇಳಿದ್ದು ನಿಜ. ಫ್ರಾನ್ಸಿಸ್ಕೊ ಇಬಾನ್ಯೆಸ್ 1936ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವರು. ಬ್ಯಾಂಕಿನಲ್ಲಿ ಜವಾನರಾಗಿ ಸೇರಿ, 1957ರಲ್ಲಿ ಆ ಕೆಲಸ ಬಿಟ್ಟು ಚಿತ್ರವನ್ನೇ ನಂಬಿದರು. ಮರುವರ್ಷ ಜನವರಿ 20ರಂದು ‘ಪುಲ್ಗಾರ್ಸಿತೊ’ ಪತ್ರಿಕೆಯಲ್ಲಿ ಅವರ ಪತ್ತೇದಾರಿ ಜೋಡಿ ಬಂತು: ಗಳಿಗೆಗೊಂದು ವೇಷ ಹಾಕುವ ಬೋಳುತಲೆಯ ಮೊರ್ತಾದೆಲೊ, ನೆತ್ತಿಯ ಮೇಲೆ ಎರಡೇ ಕೂದಲಿನ ಯಜಮಾನ ಫಿಲೆಮೊನ್. ಸ್ಪೇನಿನಲ್ಲಿ ಇವರನ್ನು ಓದದೆ ಬೆಳೆದ ಮಕ್ಕಳು ಕಡಿಮೆ.

ಆದರೆ ಹಕ್ಕು ‘ಪುಲ್ಗಾರ್ಸಿತೊ’ ಹೊರತರುತ್ತಿದ್ದ ಬ್ರುಗೆರಾ ಪ್ರಕಾಶನದ್ದು. 1985ರಲ್ಲಿ ಇಬಾನ್ಯೆಸ್ ಹೊರಬಂದಾಗ ಪಾತ್ರಗಳು ಅಲ್ಲೇ ಉಳಿದವು, ಬೇರೆಯವರ ಕೈಯಲ್ಲಿ ಮೊರ್ತಾದೆಲೊ ಮುಂದುವರಿದ. ಇಪ್ಪತ್ತೇಳು ವರ್ಷ ಸಾಕಿದ ಪಾತ್ರವನ್ನು ಸಾಕಿದವನೇ ಬರೆಯುವಂತಿಲ್ಲ ಎಂದರೆ ಅದು ಅನ್ಯಾಯವೇ ಸರಿ. ಅವರು ‘ಗ್ವಾಯ್!’ ಪತ್ರಿಕೆಯಲ್ಲಿ ಹೊಸ ಪಾತ್ರಗಳೊಂದಿಗೆ ಮೊದಲಿನಿಂದ ಶುರುಮಾಡಬೇಕಾಯಿತು. 1987ರಲ್ಲಿ ಸ್ಪೇನ್, ಸೃಷ್ಟಿಸಿದವರ ಹಕ್ಕು ಕಾಯುವ ಹೊಸ ಬೌದ್ಧಿಕ ಸ್ವತ್ತಿನ ಕಾನೂನು ತಂದಿತು. 1988ರಲ್ಲಿ ಎಡಿಸಿಯೊನೆಸ್ ಬಿ ಪ್ರಕಾಶನದ ಮೂಲಕ ಅವರು ತಮ್ಮ ಜೋಡಿಯ ಬಳಿಗೆ ಮರಳಿದರು. 2023ರ ಜುಲೈ 15ರಂದು ತೀರಿಕೊಂಡರು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ನೀವೇ ಕಲ್ಪಿಸಿ ಬರೆದು ಕಳಿಸಿದ ಕಾಮಿಕ್ಸಿನ ಹಕ್ಕು ನಿಮ್ಮದೇ. ಬರಹದಲ್ಲಿ ಸಹಿ ಮಾಡಿಕೊಟ್ಟರೆ ಮಾತ್ರ ಅದು ಕೈಬದಲಾಗುತ್ತದೆ. ಸಂಬಳದ ನೌಕರಿಯಲ್ಲಿದ್ದು ಬರೆದದ್ದಕ್ಕೆ ನಿಯಮ ಬೇರೆ. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ‘ಎಲ್ಲ ಹಕ್ಕೂ, ಶಾಶ್ವತವಾಗಿ’ ಎಂಬ ಸಾಲು ಈ ರಕ್ಷಣೆಯನ್ನೇ ಕಿತ್ತುಹಾಕುತ್ತದೆ. ಅದನ್ನು ಹೊಡೆಸಿ, ‘ಈ ಕಥೆ, ಕನ್ನಡದಲ್ಲಿ, ಪುಸ್ತಕ ರೂಪದಲ್ಲಿ, 3 ವರ್ಷ’ ಎಂದು ಬರೆಸಿ. ಗೊಂಬೆ, ಅನಿಮೇಷನ್, ಅನುವಾದಕ್ಕೆ ಬೇರೆ ಕರಾರು ಇರಲಿ. ಮೂಲ ಚಿತ್ರ ವಾಪಸ್ ಕೊಡಬೇಕೆಂಬ ಸಾಲನ್ನು ಮರೆಯಬೇಡಿ. ಸಹಿಗೆ ಮುಂಚೆ ವಕೀಲರಿಗೊಮ್ಮೆ ತೋರಿಸಿ.

ಪ್ರಶ್ನೆ: ಇಬಾನ್ಯೆಸ್ ಒಂದೇ ಪುಟದಲ್ಲಿ ಇಡೀ ಕಟ್ಟಡ ತೋರಿಸುತ್ತಿದ್ದರಲ್ಲ, ಅಂಥದ್ದನ್ನು ಬರೆಯುವುದು ಹೇಗೆ?
– ಓದುಗರು, ಬಳ್ಳಾರಿ

ಉತ್ತರ: ಅದು 1961ರಲ್ಲಿ ‘ತಿಯೊ ವಿವೊ’ ಪತ್ರಿಕೆಯಲ್ಲಿ ಶುರುವಾದ ‘13, ರೂ ದೆಲ್ ಪೆರ್ಸೆಬೆ’. ಮುಂಗೋಡೆ ಕಳಚಿಟ್ಟ ಕಟ್ಟಡ, ಮನೆಗೊಂದು ನಗೆ. ಕೆಳಗೆ ಕಿರಾಣಿಯವನ ಮೋಸ, ಮೇಲಿನ ಅಟ್ಟದಲ್ಲಿ ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವವನು. ನೀವು ಕೌಲ್ ಬಜಾರಿನ ಒಂದು ಕಟ್ಟಡ ಹಿಡಿಯಿರಿ, ನೆಲಮಹಡಿಯಲ್ಲಿ ಜೀನ್ಸ್ ಹೊಲಿಯುವವರು ಇರಲಿ.

ಎ3 ಹಾಳೆಯಲ್ಲಿ ನಾಲ್ಕು ಅಂತಸ್ತು, ಒಂದೊಂದೂ 8 ಸೆಂ.ಮೀ. ಎತ್ತರ. ನಿಂತ ದೊಡ್ಡವರೆಲ್ಲ 5.5 ಸೆಂ.ಮೀ. ಒಂದೊಂದೇ ಕೋಣೆ ಮುಗಿಸುತ್ತ ಹೋದರೆ ತಲೆಗಳ ಅಳತೆ ಏರುಪೇರಾಗುತ್ತದೆ. ಆದ್ದರಿಂದ ಇಡೀ ಪುಟಕ್ಕೆ ಮೊದಲು ಪೆನ್ಸಿಲ್ ಹಾಕಿ. ಮಾತಿನ ಗುಳ್ಳೆಗಳಿಗೆ ಎಲ್ಲಕ್ಕಿಂತ ಮುಂಚೆ ಜಾಗ ಬಿಡಿ. ಕೊನೆಗೆ ತುರುಕಿದರೆ ಪಾತ್ರದ ಕೈಕಾಲು ಮುಚ್ಚುತ್ತದೆ. ಪುಟ ಎ4ಕ್ಕೆ ಇಳಿದಾಗ 71% ಆಗುವುದರಿಂದ ಅಕ್ಷರ 4 ಮಿ.ಮೀ.ಗಿಂತ ಸಣ್ಣದಿರಬಾರದು. ಒತ್ತಕ್ಷರ ಇರುವಲ್ಲಿ ಸಾಲಿನ ನಡುವೆ ಇನ್ನೂ ಅಂತರ ಬೇಕು, ಇಲ್ಲದಿದ್ದರೆ ಕೆಳಗಿನ ಸಾಲಿಗೆ ತಾಗುತ್ತದೆ.

ಬಳ್ಳಾರಿ ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ನಿಬ್ಬಿನಲ್ಲೇ ಇಂಕು ಗಟ್ಟಿಯಾಗಿ ಗೆರೆ ಕಡಿಯುತ್ತದೆ. ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಶೀಶೆಯ ಮುಚ್ಚಳ ಹಾಕಿಡಿ. ಬೆವರಿನ ಕೈ ತಾಗಿದ ಕಡೆ ಇಂಕು ಹರಡುತ್ತದೆ, ಮಣಿಕಟ್ಟಿನ ಕೆಳಗೊಂದು ಹಾಳೆ ಇರಲಿ.